ತಗೊಳ್ಳಿ, ಗಾಡಿ ಚೆನ್ನಾಗಿದೆ

ಶೆಡ್ಡಿನೊಳಗೆ ಬಂದು ನಿಂತ ಕಾರನ್ನು ಅವಳು ಮೊದಲು ನೋಡಿದಳು. ಅದರಿಂದ ಇಳಿದವನನ್ನು ಆಮೇಲೆ.

ಎರಡೇ ಸೀಟಿನ ಕಡು ನೀಲಿ ಸ್ಪೋರ್ಟ್ಸ್ ಕಾರು. ಬಟ್ಟೆಯ ಛಾವಣಿಯನ್ನು ಹಿಂದಕ್ಕೆ ಮಡಚಿಡಲಾಗಿತ್ತು. ಬಣ್ಣ ಹೊಸದು, ಮೈ ಹಳೆಯದು. ಎರಡು ಲಕ್ಷ ಕಿಲೋಮೀಟರಿಗೂ ಮೇಲೆ ಓಡಿದ ಗಾಡಿ ಎಂದು ಅದರ ಸದ್ದಿನಲ್ಲೇ ಅವಳಿಗೆ ಗೊತ್ತಾಯಿತು.

ಆಮೇಲೆ ಅವನು ತಲೆ ಎತ್ತಿದ.

ಅವಳು ಕೈಯಲ್ಲಿದ್ದ ಟಾರ್ಚನ್ನು ಆರಿಸಿದಳು.

ಇವನು... ಇಲ್ಲಿ?

"ಗಾಡಿ ತೋರಿಸೋದಿತ್ತು," ಎಂದ ಅವನು. "ತಗೊಳ್ಳೋಣ ಅಂತ ಇದೀನಿ. ಊರಲ್ಲಿ ಎಲ್ಲರೂ ನಿಮ್ಮ ಹೆಸರೇ ಹೇಳಿದ್ರು."

ನೀವು! ಒಂದು ಕಾಲಕ್ಕೆ ಅವಳನ್ನು 'ಕತ್ತೆ' ಎಂದು ಪ್ರೀತಿಯಿಂದ ಕರೆಯುತ್ತಿದ್ದವನ ಬಾಯಲ್ಲಿ ಈಗ 'ನೀವು'.

"ಗಾಡಿ ಇಲ್ಲೇ ಬಿಡಿ. ಮಧ್ಯಾಹ್ನ ಬನ್ನಿ," ಎಂದಳು ಅವಳು. ದನಿ ತಣ್ಣಗಿತ್ತು. ಒಳಗೆ ಬೆಂಕಿ ಹೊತ್ತಿತ್ತು.

ಹಳೆಯ ಕಾರು ಕೊಳ್ಳುವವರು ಅವಳ ಮಾತು ಕೇಳದೆ ಹಣ ಬಿಚ್ಚುತ್ತಿರಲಿಲ್ಲ. 'ಕಾರು ಡಾಕ್ಟ್ರಮ್ಮ' ಎಂದೇ ಅವಳಿಗೆ ಹೆಸರು. ಮಾರುವವರು ಕಾಲಿಗೆ ಬಿದ್ದರೂ ಅವಳು ಕೆಟ್ಟ ಗಾಡಿಯನ್ನು ಒಳ್ಳೆಯದು ಎಂದವಳಲ್ಲ. ಅವನು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಅಂಗಡಿಯವನು. ಆಗ ಸಣ್ಣ ಅಂಗಡಿ, ಈಗ ದೊಡ್ಡದಾಗಿದೆಯೆಂದು ಅವಳ ಕಿವಿಗೂ ಬಿದ್ದಿತ್ತು.

ನಾಲ್ಕು ವರ್ಷದ ಹಿಂದೆ ಮದುವೆ ನೋಂದಣಿ ಕಚೇರಿಯ ಬೆಂಚಿನ ಮೇಲೆ ಅವಳು ಹೊಸ ಬಟ್ಟೆ ಉಟ್ಟು ಇವನಿಗಾಗಿ ಕಾದಿದ್ದಳು. ಜೊತೆಗಿದ್ದದ್ದು ಅಕ್ಕ ಒಬ್ಬಳೇ. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿ ಬೆಳೆಸಿದ ಅಕ್ಕ. ಗೇಟಿನ ತನಕ ಹೋಗಿ ನೋಡಿ ಬಂದ ಅಕ್ಕ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದಳು. "ಬರಲ್ವಂತೆ ಕಣೇ. ಫೋನ್ ಮಾಡಿದ್ದ. ಮನಸ್ಸು ಬದಲಾಯ್ತಂತೆ."

ಕಚೇರಿಯ ಗುಮಾಸ್ತರು ಮುಂದಿನ ಜೋಡಿಯನ್ನು ಕರೆದಿದ್ದರು. ಹಿಂದೆ ಕೂತಿದ್ದ ಯಾರೋ ಕಿಸಕ್ಕೆಂದಿದ್ದರು. ಆ ನಗು ಇವತ್ತಿಗೂ ಅವಳ ಕಿವಿಯಿಂದ ಹೋಗಿಲ್ಲ.

ಅವನು ಹೊರಟುಹೋದ ಮೇಲೆ ಅವಳು ಬಾನೆಟ್ ಎತ್ತಿದಳು.

ಎಂಜಿನ್ ಆಯಿಲಿನ ಮುಚ್ಚಳ ತಿರುಗಿಸಿ ತೆಗೆದಳು. ಒಳಗಡೆ ಕೆನೆಯಂಥ ಬಿಳಿ ಜಿಡ್ಡು. ಆಯಿಲಿಗೆ ನೀರು ಸೇರುತ್ತಿದೆ... ಈ ಎಂಜಿನ್ ಇನ್ನು ಕೆಲವು ತಿಂಗಳ ಮಾತು. ಎರಡನೇ ಗೇರು ಹಲ್ಲು ಕಡಿಯುತ್ತಿತ್ತು. ಛಾವಣಿ ಎತ್ತುವ ಮೋಟರು ಮುದುಕನಂತೆ ಏದುಸಿರು ಬಿಡುತ್ತಿತ್ತು.

ಯಾವ ಗಿರಾಕಿಗಾದರೂ ಅವಳು ಒಂದೇ ಮಾತು ಹೇಳುತ್ತಿದ್ದಳು: ಇದರ ಹತ್ತಿರವೂ ಸುಳಿಯಬೇಡಿ.

ಅವಳು ಮುಚ್ಚಳವನ್ನು ಒರೆಸಿ ಮೆಲ್ಲಗೆ ಮುಚ್ಚಿದಳು.

ಬ್ರೇಕನ್ನು ಮಾತ್ರ ಎರಡು ಸಲ ನೋಡಿದಳು. ಸ್ಟೀರಿಂಗ್, ಚಕ್ರ, ಅಡಿಯ ಚೌಕಟ್ಟು ಎಲ್ಲವನ್ನೂ ಮಲಗಿ ನೋಡಿದಳು. ಅವು ಗಟ್ಟಿಯಾಗಿದ್ದವು.

ಸಾಯಬಾರದು. ನರಳಬೇಕು.

ಮಧ್ಯಾಹ್ನ ಅವನು ಬಂದಾಗ ಅವಳು ಕೈಗೆ ಅಂಟಿದ್ದ ಗ್ರೀಸು ಒರೆಸಿಕೊಳ್ಳುತ್ತ ನಿಂತಿದ್ದಳು.

"ಏನಂತೀರಿ?"

"ತಗೊಳ್ಳಿ. ಗಾಡಿ ಚೆನ್ನಾಗಿದೆ."

"ತುಂಬ ಓಡಿದೆಯಲ್ಲ..."

"ಓಡಿದ ಗಾಡಿನೇ ಗಟ್ಟಿ. ನಿಲ್ಲಿಸಿಟ್ಟಿದ್ದು ಕೆಡೋದು."

ಅವನು ಅವಳನ್ನೇ ನೋಡುತ್ತ ನಿಂತ. ಅವಳು ಬಟ್ಟೆಯ ಚೂರಿನಿಂದ ಉಗುರಿನ ಸಂದು ಉಜ್ಜುತ್ತಲೇ ಇದ್ದಳು.

"ನೀವು ಹೇಳಿದ ಮೇಲೆ ಮುಗೀತು," ಎಂದ ಅವನು.

ಆ ಸಂಜೆ ಅವಳು ಕನ್ನಡಿಯ ಮುಂದೆ ನಿಂತು ನಕ್ಕಳು. ಬಹಳ ದಿನಗಳ ಮೇಲೆ ಬಂದ ನಗು ಅದು.

ಎಣಿಸಿದ್ದಕ್ಕಿಂತ ಬೇಗನೆ ಫಲ ಸಿಕ್ಕಿತು. ಗೇರು ಸಿಕ್ಕಿಹಾಕಿಕೊಂಡು ನಡು ರಸ್ತೆಯಲ್ಲಿ ಕಾರು ನಿಂತಿತಂತೆ, ಹಿಂದೆ ಬಸ್ಸುಗಳೆಲ್ಲ ಹಾರ್ನ್ ಹೊಡೆದವಂತೆ. ಅದನ್ನು ಅವನ ಬಾಯಿಂದಲೇ ಕೇಳಿ, "ಅಯ್ಯೋ ಪಾಪ," ಎಂದಳು.

ಇನ್ನೊಂದು ದಿನ ಛಾವಣಿ ಅರ್ಧಕ್ಕೆ ನಿಂತಾಗಲೇ ಮಳೆ ಹಿಡಿಯಿತು. ತೊಪ್ಪೆಯಾಗಿ ಬಂದ ಅವನ ಕನ್ನಡಕದಿಂದ ನೀರು ಇಳಿಯುತ್ತಿತ್ತು. ಫ್ಯೂಸ್ ಬದಲಿಸಿದರೆ ಚಿಟಿಕೆ ಹೊಡೆಯುವುದರಲ್ಲಿ ಮುಗಿಯುವ ಕೆಲಸ. ಆದರೆ ಅವಳು, "ಕೂತ್ಕೊಳ್ಳಿ, ತಡ ಆಗುತ್ತೆ," ಎಂದು ಟೈರುಗಳ ಪಕ್ಕದ ಮುಕ್ಕಾದ ಸ್ಟೂಲನ್ನು ತೋರಿಸಿದಳು. ಒರೆಸಿಕೊಳ್ಳಲು ಒಂದು ಬಟ್ಟೆಯನ್ನೂ ಕೊಡಲಿಲ್ಲ.

ಕಾಯಿ. ಕಾಯೋದು ಅಂದ್ರೆ ಏನು ಅಂತ ನಿನಗೂ ಗೊತ್ತಾಗಲಿ.

ಅವನು ಕಾದ. ಗೊಣಗಲಿಲ್ಲ, ಗಡಿಯಾರ ನೋಡಲಿಲ್ಲ. ಗೋಡೆಗೆ ಒರಗಿ ಅಲ್ಲೇ ತೂಕಡಿಸಿದ.

ಅವಳಿಗೆ ಅದೇ ಸಹಿಸಲಾಗಲಿಲ್ಲ. ಬೈಯಬಾರದೇ? 'ನಿಮ್ಮನ್ನ ನಂಬಿ ಕೆಟ್ಟೆ' ಅನ್ನಬಾರದೇ? ಆ ಮಾತಿಗಾಗಿ ಅವಳು ನಾಲಗೆ ಮಸೆದುಕೊಂಡು ಕೂತಿದ್ದಳು. 'ಹೌದು, ನಂಬಿದವರು ಕೆಡೋದು ಹೀಗೇ' ಅನ್ನಬೇಕಿತ್ತು. ಅವನು ಮಾತ್ರ ಪ್ರತಿ ಸಲವೂ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದ.

ಕೊನೆಗೆ ಒಂದು ಮಧ್ಯಾಹ್ನ ಕಾರನ್ನು ಹಗ್ಗ ಕಟ್ಟಿ ಎಳೆತಂದರು. ಬಾನೆಟ್ಟಿನ ಸಂದಿನಿಂದ ಹೊಗೆ ಏಳುತ್ತಿತ್ತು.

ಅವಳು ಬಗ್ಗಿ ನೋಡಿದಳು. ನೋಡುವ ಅಗತ್ಯವೇ ಇರಲಿಲ್ಲ.

"ಎಂಜಿನ್ ಹೋಯ್ತು," ಎಂದಳು. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಚಪ್ಪರಿಸಿ ಹೇಳಿದಳು. "ಗುಜರಿಗೆ ಹಾಕಿ."

ಈಗ ಅವನ ಮುಖ ಬೀಳುತ್ತದೆ... ಈಗ...

"ಹೂಂ. ಇಷ್ಟು ದಿನ ಬಂದಿದ್ದೇ ಹೆಚ್ಚು," ಎಂದ ಅವನು.

"ಅಂದ್ರೆ?"

"ನಿಮಗಿಂತ ಮುಂಚೆ ಇನ್ನೊಬ್ಬ ಮೆಕ್ಯಾನಿಕ್ಕಿಗೆ ತೋರಿಸಿದ್ದೆ. ಆಯಿಲಿಗೆ ನೀರು ಸೇರ್ತಿದೆ, ಮುಟ್ಟಬೇಡಿ ಅಂದಿದ್ರು."

ಅವಳು ಥಟ್ಟನೆ ಅವನತ್ತ ತಿರುಗಿದಳು.

"ಗೊತ್ತಿದ್ದೂ... ಇಲ್ಲಿಗೆ ಯಾಕೆ ತಂದ್ರಿ?"

"ಮೆರೆಯೋಕೆ." ಅವನು ತಲೆ ತಗ್ಗಿಸಿ ನಕ್ಕ. "ಬೇಡ ಅಂತ ಬಿಟ್ಟವಳ ಮುಂದೆ ಒಂದು ಸಲ ಇಂಥ ಕಾರಿಂದ ಇಳಿಯಬೇಕು, ಅವಳ ಹೊಟ್ಟೆ ಉರಿಯಬೇಕು ಅಂತ. ಕೊಳ್ಳೋ ಯೋಚನೆನೇ ಇರಲಿಲ್ಲ. ಇಳಿದು, ನೋಡಿ, ವಾಪಸ್ ಕೊಟ್ಟುಬಿಡೋದು ಅಂತಿದ್ದೆ."

"ಬಿಟ್ಟವಳಾ? ನಾನು ಬಿಟ್ಟವಳಾ?"

"ಕೇಳಿ. ನೀವು ಸುಳ್ಳು ಹೇಳಿದ್ರಿ. ಯಾರಿಗೂ ಹೇಳದವರು ನನಗೆ ಹೇಳಿದ್ರಿ. ಮನೆಗೆ ಹೋಗಿ ಅದನ್ನೇ ಯೋಚನೆ ಮಾಡಿದೆ. ಬೇಡ ಅಂತ ತಾನಾಗೇ ಬಿಟ್ಟವಳಿಗೆ ಇಷ್ಟೊಂದು ಸಿಟ್ಟು ಯಾಕೆ? ಸಿಟ್ಟು ಇರಬೇಕಾಗಿದ್ದು ನನಗೆ ಅಲ್ವಾ? ಅರ್ಥ ಆಗಲಿಲ್ಲ. ಅದಕ್ಕೇ ಕಾರು ತಗೊಂಡೆ. ಅದು ಕೆಟ್ಟಾಗೆಲ್ಲ ಇಲ್ಲಿಗೆ ಬರಬಹುದಲ್ಲ ಅಂತ."

ಅವಳು ಅವನ ಎದುರಿಗೆ ಬಂದು ನಿಂತಳು.

"ಬೆಂಚಿನ ಮೇಲೆ ಕಾದವಳು ನಾನು. ಬರದೆ ಇದ್ದವರು ನೀವು."

"ನಾನು ಗೇಟಿನ ತನಕ ಬಂದಿದ್ದೆ." ಅವನು ಕನ್ನಡಕ ತೆಗೆದ. "ನಿಮ್ಮಕ್ಕ ಬಂದು ತಡೆದ್ರು. 'ಅವಳಿಗೆ ಈ ಮದುವೆ ಬೇಡ, ನಿಮಗೆ ಹೇಳೋಕಾಗದೆ ಒಳಗೆ ಕೂತು ಅಳ್ತಿದಾಳೆ, ನಿಮಗೆ ಮರ್ಯಾದೆ ಇದ್ರೆ ಹೊರಟು ಹೋಗಿ' ಅಂದ್ರು. ಮಾರನೇ ದಿನ ಫೋನ್ ಮಾಡಿದ್ರೆ ನಂಬರೇ ಇರಲಿಲ್ಲ. ಉತ್ತರ ಸಿಕ್ತು ಅಂದ್ಕೊಂಡೆ."

ನಂಬರ್ ಬದಲಿಸಿದ್ದು ಅವಳೇ. ಅವನ ನೆಪಗಳನ್ನು ಕೇಳಬಾರದೆಂದು, ಹಟದಿಂದ.

ಬಾಗಿಲಲ್ಲಿ ಏನೋ ಸದ್ದಾಯಿತು. ದಿನದಂತೆ ಊಟದ ಡಬ್ಬಿ ತಂದಿದ್ದ ಅಕ್ಕ ಅಲ್ಲೇ ಕಂಬದ ಹಾಗೆ ನಿಂತಿದ್ದಳು. ಅವನನ್ನು ನೋಡಿದಳು, ತಂಗಿಯನ್ನು ನೋಡಿದಳು. ಕೇಳುವ ಮೊದಲೇ ಮುಖ ಎಲ್ಲವನ್ನೂ ಹೇಳಿಬಿಟ್ಟಿತ್ತು.

"ಅಕ್ಕಾ, ಇವರು ಹೇಳ್ತಿರೋದು ನಿಜಾನಾ?"

ಅಕ್ಕ ಡಬ್ಬಿಯನ್ನು ಎದೆಗೆ ಅವಚಿಕೊಂಡಳು.

"ನಿನ್ನ ಸಾಕಬೇಕು ಅಂತ ನಾನು ಬಂದ ಸಂಬಂಧನೆಲ್ಲ ಬೇಡ ಅಂದೆ," ಎಂದಳು ಕೊನೆಗೆ. "ಅವತ್ತು ಬೆಳಿಗ್ಗೆ ನಿನ್ನ ಬಟ್ಟೆ ಪೆಟ್ಟಿಗೆ ಬಾಗಿಲ ಹತ್ರ ಇಟ್ಟಿದ್ದೆಯಲ್ಲ... ಅದನ್ನ ನೋಡಿ ಭಯ ಆಯ್ತು. ಸಂಜೆ ಆ ಮನೇಲಿ ನಾನೊಬ್ಬಳೇ ಇರ್ತೀನಿ ಅಂತ. ಆ ಗಳಿಗೇಲಿ ಬಾಯಿಗೆ ಬಂದುಬಿಡ್ತು. ಆಮೇಲೆ ನೀನು ಅಳೋದು ನೋಡಿ ಹೇಳೋಣ ಅಂದ್ಕೊಂಡೆ. ಹೇಳಿದ್ರೆ ನೀನು ಹೋಗೋದೂ ಹೋಗ್ತೀಯ, ಮುಖಕ್ಕೆ ಉಗಿದು ಹೋಗ್ತೀಯ..."

ತಂಗಿಯ ನಾಲಗೆಯ ತುದಿಗೆ ಬಂದ ಮಾತು ಚಾಕುವಿನಂತಿತ್ತು. ನಾಲ್ಕು ವರ್ಷ ಮಸೆದ ಚಾಕು. ಒಂದೇ ಮಾತಿನಿಂದ ಅಕ್ಕನನ್ನು ಸೀಳಿಬಿಡಬಹುದಿತ್ತು.

ಆದರೆ ಅವಳ ಕಣ್ಣು ಡಬ್ಬಿ ಹಿಡಿದ ಆ ಕೈಗಳ ಮೇಲೆ ಬಿತ್ತು. ತನ್ನ ಜಡೆ ಹೆಣೆದ ಕೈಗಳು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ಕೈಗಳು.

"ಮನೆಗೆ ಹೋಗು ಅಕ್ಕ," ಎಂದಳು. "ಇವತ್ತು ನಿನ್ನ ಜೊತೆ ಮಾತಾಡೋಕೆ ನನ್ನಿಂದ ಆಗಲ್ಲ. ಇವತ್ತೇನಾದ್ರೂ ಅಂದ್ರೆ ಆಮೇಲೆ ವಾಪಸ್ ತಗೊಳ್ಳೋಕಾಗಲ್ಲ. ನಾಳೆ... ನಾಳೆ ನೋಡೋಣ."

ಅಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅವನ ಎದುರು ಒಂದು ಕ್ಷಣ ನಿಂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ಶೆಡ್ಡಿನಲ್ಲಿ ಬಿಸಿ ಎಂಜಿನ್ ಟಿಕ್ ಟಿಕ್ ಎಂದು ಆರುತ್ತಿದ್ದ ಸದ್ದು ಮಾತ್ರ ಉಳಿಯಿತು.

ಅವಳು ಕಾರಿನ ಬಾಗಿಲು ತೆಗೆದು ಸೀಟಿನಲ್ಲಿ ಕುಸಿದು ಕೂತಳು. ಅಳು ಆಗ ಬಂತು. ಅವನು ಸುತ್ತಿ ಬಂದು ಪಕ್ಕದಲ್ಲಿ ಕೂತ. ಮುಟ್ಟಲಿಲ್ಲ.

"ನಿನಗೆ ಮೋಸ ಮಾಡಿದೆ ನಾನು," ಎಂದಳು ಬಿಕ್ಕುತ್ತ. "ಬೇಕು ಅಂತಲೇ ಮಾಡಿದೆ. ಮಳೇಲಿ ನೆಂದು ಬಂದಾಗ ಖುಷಿಪಟ್ಟೆ."

"ಗೊತ್ತು. ಕಣ್ಣಲ್ಲಿ ಕಾಣ್ತಿತ್ತು. ನಾನು ದಿನವಿಡೀ ನೋಡೋದು ಕಣ್ಣೇ ಅಲ್ವಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆ ನಗುವಿಗೇ ಮತ್ತೆ ಸಿಟ್ಟು ಬಂತು.

"ಅಕ್ಕ ಹೇಳಿದ ತಕ್ಷಣ ನಂಬಿ ಹೊರಟು ಹೋದೆಯಲ್ಲ... ಒಳಗೆ ಬಂದು ಒಂದು ಮಾತು ನನ್ನನ್ನ ಕೇಳಬಾರದಿತ್ತಾ?"

"ಕೇಳಬೇಕಿತ್ತು," ಎಂದ ಅವನು. "ಅದು ನನ್ನ ತಪ್ಪು. ಅದಕ್ಕೆ ನಿನ್ನಕ್ಕ ಕಾರಣ ಅಲ್ಲ."

ಆ ಉತ್ತರ ಅವಳಿಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದು ಕೇಳಿದ ಮೇಲೆಯೇ ತಿಳಿಯಿತು.

ಅವಳು ಗ್ರೀಸು ಹತ್ತಿದ ಕೈಯನ್ನು ಮೆಲ್ಲಗೆ ಅವನ ಕೈಯ ಮೇಲಿಟ್ಟಳು.

"ನನಗೆ ಇನ್ನೂ ಸಿಟ್ಟಿದೆ," ಎಂದಳು. "ನಿನ್ನ ಮೇಲೂ."

"ಇರಲಿ."

"ಬೇಗ ಹೋಗಲ್ಲ."

"ಬೇಡ. ನಿಧಾನಕ್ಕೆ ಹೋಗಲಿ." ಅವನು ಅವಳ ಬೆರಳುಗಳನ್ನು ಹಿಡಿದುಕೊಂಡ. "ಅದು ಹೋಗೋವರೆಗೂ ನಾನು ಪಕ್ಕದಲ್ಲಿ ಇರ್ತೀನಿ. ಹೋದ ಮೇಲೂ ಇರಬಹುದಾ?"

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಇರು," ಎಂದಳು.