ವೈರು ಎಳೆಯದ ದಿನಗಳು

"ಅಯ್ಯೋ ಬೇಡ, ಬೇಡ, ಎಳೀಬೇಡಿ! ನಾನಿನ್ನೂ ಕೂತೇ ಇಲ್ಲ!"

ಬೆಚ್ಚಿ ತಿರುಗಿದೆ. ನನ್ನ ಕೈಯಲ್ಲಿದ್ದದ್ದು ಧೂಳು ಒರೆಸುವ ಬಟ್ಟೆ. ಬಾಗಿಲಲ್ಲಿ ನಿಂತಿದ್ದವರ ತೋಳಿನಲ್ಲಿ ಒಂದು ಕುರ್ಚಿ. ಅವರು ನನ್ನ ಬಟ್ಟೆಯನ್ನು ನೋಡಿದರು, ತಾವು ಮಗುವಿನ ಹಾಗೆ ಅಪ್ಪಿಕೊಂಡಿದ್ದ ಕುರ್ಚಿಯನ್ನು ನೋಡಿಕೊಂಡರು. ಕಿವಿಯ ತುದಿ ಕೆಂಪಾಯಿತು.

"ಒರೆಸ್ತಾ ಇದ್ದೆ ಸರ್."

"ಒರೆಸಿ, ಒರೆಸಿ. ಜೀವ ಬಾಯಿಗೆ ಬಂದಿತ್ತು, ಅಷ್ಟೇ."

ಅವರು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ವೈರು ಎಳೆಯುವ ಕೆಲಸ ನನ್ನ ಪಾಲಿಗೇ ಬಿದ್ದಿತ್ತು.

ನಮ್ಮದು ಆಸ್ಪತ್ರೆಗಳಿಗೆ ಔಷಧಿ ಕಳಿಸುವ ಕಂಪನಿ. ಯಾವ ಔಷಧಿ ಯಾವ ಕಪಾಟಿನಲ್ಲಿದೆ, ಯಾವ ವ್ಯಾನು ಎಲ್ಲಿಗೆ ಹೋಗಬೇಕು ಎಂದೆಲ್ಲ ಹೇಳುವುದು ಮಹಡಿಯ ಮೇಲಿನ ತಣ್ಣನೆ ಕೋಣೆಯಲ್ಲಿರುವ ಸರ್ವರ್. ಅದಕ್ಕೆ ವಯಸ್ಸಾಗಿತ್ತು. ಅದು ಮುನಿಸಿಕೊಂಡರೆ ಅಂಗಳದಲ್ಲಿ ವ್ಯಾನುಗಳು ಸಾಲಾಗಿ ನಿಂತುಬಿಡುತ್ತಿದ್ದವು. ದೊಡ್ಡದು, ಗಟ್ಟಿಯಾದದ್ದು ಒಂದನ್ನು ಕೊಳ್ಳಲೇಬೇಕಿತ್ತು. ಆದರೆ ಮಾರುವವರ ಮಾತು ನಂಬುವ ಜಾಯಮಾನ ನಮ್ಮ ದೊಡ್ಡ ಮೇಡಂದಲ್ಲ. ಹೊಸ ಮಿಷನ್ನನ್ನು ಇಲ್ಲೇ ತಂದಿಟ್ಟು, ನಮ್ಮ ಕೆಲಸದ ನಕಲನ್ನು ಅದರ ಮೇಲೆ ಓಡಿಸಿ ತೋರಿಸಬೇಕು. ಓಡುತ್ತಿರುವಾಗ ಯಾರಾದರೂ ಹೇಳದೆ ಕೇಳದೆ ಕರೆಂಟಿನ ವೈರು ಕೀಳಬೇಕು. ಆಗಲೂ ಕೆಲಸ ನಿಲ್ಲದಿದ್ದರೆ ಮಾತ್ರ ಪಾಸು.

"ಸಾವು ಫೋನ್ ಮಾಡಿ ಬರುತ್ತೇನ್ರಿ?" ಎಂದಿದ್ದರು ಮೇಡಂ ಮೀಟಿಂಗಿನಲ್ಲಿ. "ಕಂಪ್ಯೂಟರ್ ಗೊತ್ತಿರೋರು ಎಳೆದ್ರೆ ಕೆಲಸ ಕಮ್ಮಿ ಇರೋ ಹೊತ್ತು ನೋಡಿ ಎಳೀತಾರೆ. ಟೀ ಕೊಡೋ ಹುಡುಗಿ ಎಳೀಲಿ. ಅವಳ ಮನಸ್ಸಿಗೆ ಬಂದಾಗ."

ಟ್ರೇ ಹಿಡಿದು ನಿಂತಿದ್ದ ನನ್ನ ಕಡೆ ಎಲ್ಲರೂ ತಿರುಗಿದರು. ಅಮ್ಮ ಹಾಸಿಗೆ ಹಿಡಿದಾಗ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನಿನ್ನ ಮನಸ್ಸಿಗೆ ಬಂದಾಗ ಮಾಡು ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಬಂದ ಕಂಪನಿಯ ವೈರನ್ನು ಮಾರನೇ ದಿನವೇ ಎಳೆದಿದ್ದೆ. ಪರದೆಗಳೆಲ್ಲ ಕಲ್ಲಾದವು. ಟೈ ಕಟ್ಟಿಕೊಂಡು ಬಂದವರು ಬೆವರು ಒರೆಸಿಕೊಳ್ಳುತ್ತಾ ಪೆಟ್ಟಿಗೆ ಕಟ್ಟಿದರು. ನಾನು ಅವರ ಎಂಜಲು ಲೋಟ ತೊಳೆದಿಟ್ಟೆ. ಏನೂ ಅನ್ನಿಸಲಿಲ್ಲ.

ಕುರ್ಚಿಯವರು ಎರಡನೇ ಕಂಪನಿಯ ಇಂಜಿನಿಯರ್.

"ವೈರ್ ಮೇಡಂ," ಅವರು ನನಗಿಟ್ಟ ಹೆಸರು. "ಟೀಗೆ ಸಕ್ಕರೆ ಜಾಸ್ತಿ ಬಿದ್ದಿದೆ. ಇವತ್ತು ಎಳೀತೀನಿ ಅಂತ ಅರ್ಥಾನಾ?"

"ಚಮಚ ಜಾರ್ತು ಸರ್."

"ಹಾಗಾದ್ರೆ ನೆಮ್ಮದಿಯಿಂದ ಊಟ ಮಾಡ್ತೀನಿ."

ನಾನು ಮಾತು ಕಡಿಮೆ ಆಡುವವಳು, ನೋಡುವುದು ಹೆಚ್ಚು. ಮೊದಮೊದಲು ಅವರು ನೋಡುತ್ತಿದ್ದದ್ದು ನನ್ನ ಕೈಗಳನ್ನು ಮಾತ್ರ. ಟ್ರೇ ಇಳಿಸುವಾಗ, ಬಟ್ಟೆ ಹಿಂಡುವಾಗ, ಆ ಕಣ್ಣು ನನ್ನ ಬೆರಳುಗಳ ಹಿಂದೆಯೇ ಬರುತ್ತಿತ್ತು. ಯಾವಾಗಲೋ ಒಂದು ದಿನ ಆ ನೋಟ ಕೈ ಬಿಟ್ಟು, ಬಳೆಯ ಹತ್ತಿರ ಸ್ವಲ್ಪ ತಡೆದು, ಮೇಲೇರಿ ಮುಖಕ್ಕೆ ಬಂತು. ಬಂದದ್ದು ಅಲ್ಲೇ ನಿಂತಿತು. ನಾನು ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದೆ.

ಆ ಕೋಣೆಯ ಚಳಿಗೆ ನನ್ನ ಬೆರಳು ಮರಗಟ್ಟುತ್ತಿದ್ದವು. ಮನೆಗೆ ಹೋಗಿ ಎತ್ತಿ ಕೂರಿಸಲು ಮುಟ್ಟಿದರೆ ಅಮ್ಮ, "ಏನೇ ಇದು, ಹೆಣದ ಕೈ ಇದ್ದ ಹಾಗಿದೆ!" ಎಂದು ಬೈಯುತ್ತಿದ್ದಳು. ಇದನ್ನು ನನ್ನ ಬಾಯಿಂದ ಕೇಳಿದ ದಿನ ಅವರು ನನ್ನನ್ನು ಮಿಷನ್ನಿನ ಹಿಂದಕ್ಕೆ ಕರೆದರು.

"ಮುಂದೆ ಚಳಿ, ಹಿಂದೆ ಬೆಚ್ಚಗೆ. ಕೈ ಹಿಡೀರಿ ಇಲ್ಲಿ."

ಜಾಲರಿಯಿಂದ ಬಿಸಿ ಉಸಿರು ಬರುತ್ತಿತ್ತು. ಅವರೂ ಕೈ ಚಾಚಿದರು. ನಮ್ಮ ಕೈಗಳ ನಡುವೆ ಒಂದು ಗೇಣು ಜಾಗವಿತ್ತು.

"ಇಲ್ಲಿರೋದು ಎರಡು ಮಿಷನ್," ಎಂದರು. "ಒಂದು ದುಡಿಯತ್ತೆ. ಇನ್ನೊಂದು ಸುಮ್ಮನೆ ನಿಂತು ಇದರ ಎದೆಬಡಿತ ಕೇಳಿಸ್ಕೊಳ್ತಾ ಇರತ್ತೆ. ಇದು ಬಿದ್ರೆ ಅದು ಹೆಗಲು ಕೊಡತ್ತೆ."

"ಬಿದ್ದದ್ದು ಆಮೇಲೆ ಎದ್ರೆ?"

"ಎದ್ರೂ ಹಳೇ ಜಾಗ ಸಿಗಲ್ಲ. ಅದು ನಿಂತು ಕೇಳಿಸ್ಕೋಬೇಕು, ಅಷ್ಟೇ."

ಜಾಲರಿಯ ಗಾಳಿಯನ್ನೇ ನೋಡುತ್ತಾ ಕೇಳಿದೆ. "ಪಾಸಾದ್ರೆ ನೀವು ಇಲ್ಲೇ ಇರ್ತೀರಾ ಸರ್?"

"ಪಾಸಾದ್ರೆ ಸಮುದ್ರದಾಚೆ ಇನ್ನೊಂದು ಕಂಪನಿ ಕಾಯ್ತಾ ಇದೆ. ಗೆದ್ದ ಜಾಗಕ್ಕೆ ನಮ್ಮನ್ನ ಮತ್ತೆ ಕಳಿಸಲ್ಲ. ಫೇಲಾದ್ರೆ ಈ ಪೆಟ್ಟಿಗೆ ಜೊತೆ ನಾನೂ ಪಾರ್ಸೆಲ್."

ಎಳೆದರೆ ಹೋಗುತ್ತಾರೆ. ಎಳೆಯದಿದ್ದರೆ ನಾಳೆ ಬರುತ್ತಾರೆ. ಇಷ್ಟು ಲೆಕ್ಕಕ್ಕೆ ನನ್ನ ಓದು ಧಾರಾಳ ಸಾಕಿತ್ತು.

ನಾನು ಎಳೆಯಲಿಲ್ಲ.

ಬೆಳಿಗ್ಗೆ ಟೀ, ಮಧ್ಯಾಹ್ನ ಧೂಳು, ಸಂಜೆ ಜಾಲರಿಯ ಬೆಚ್ಚನೆ ಗಾಳಿ. ನಡುವಿನ ಗೇಣು ಜಾಗ ನಾಲ್ಕು ಬೆರಳಾಯಿತು. ಅಮ್ಮ ಕೇಳಿದಳು, "ಈಚೆಗೆ ಕೈ ಬೆಚ್ಚಗಿರತ್ತಲ್ಲೇ, ಕೆಲಸ ಬದಲಾಯಿಸಿದ್ರಾ?"

ಬಿಲ್ಲಿಂಗ್ ಅಕ್ಕ ಬಿಟ್ಟಾರೆಯೇ? "ಏನೇ, ಟೈ ಕಟ್ಟಿದೋನ ವೈರು ಮೂಲಂಗಿ ಕಿತ್ತ ಹಾಗೆ ಕಿತ್ತೆ. ಈಗ ಕೈಗೆ ಲಕ್ವಾ ಹೊಡೀತಾ?"

"ಮನಸ್ಸಿಗೆ ಬಂದಾಗ ಅಂದಿದ್ದಾರಲ್ಲಕ್ಕ."

"ಮನಸ್ಸು ಎಲ್ಲಿಗೆ ಬಂದಿದೆ ಅಂತ ಕಾಣಿಸ್ತಾ ಇದೆ ಬಿಡು."

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಹಳೆಯ ಸರ್ವರ್ ಕುಸಿಯಿತು. ಕೌಂಟರಿನ ಮುಂದೆ ಆಂಬುಲೆನ್ಸಿನ ಡ್ರೈವರ್ ಒಬ್ಬರು ನಿಂತಿದ್ದರು. ಅವರಿಗೆ ಬೇಕಾದ ಇಂಜೆಕ್ಷನ್ ಗೋಡೌನಿನಲ್ಲಿತ್ತು. ಆದರೆ ಸಾವಿರಾರು ಪೆಟ್ಟಿಗೆಗಳ ನಡುವೆ ಎಲ್ಲಿ ಎಂದು ಹೇಳುವ ಪರದೆ ಕಪ್ಪಾಗಿತ್ತು. ಎಲ್ಲರೂ ಕೈಯಿಂದ ಹುಡುಕತೊಡಗಿದರು, ನಾನೂ. ಆ ಮನುಷ್ಯ ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, "ಮಲಗಿರೋರು ಕಾಯಲ್ಲಮ್ಮ," ಎಂದರು. ನನ್ನ ಅಮ್ಮನ ಮುಖ ಕಣ್ಣ ಮುಂದೆ ಬಂತು. ಕೊನೆಗೂ ಪೆಟ್ಟಿಗೆ ಸಿಕ್ಕಿತು. ಅವರು ಅದನ್ನು ಎದೆಗವಚಿಕೊಂಡು ಓಡಿದರು. ಹೊತ್ತಿಗೆ ಸರಿಯಾಗಿ ಮುಟ್ಟಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಅಂದು ಸಂಜೆ ಅಡುಗೆಮೂಲೆಯಲ್ಲಿ ಲೋಟ ತೊಳೆಯುತ್ತಿದ್ದೆ. ಇಂಜಿನಿಯರ್ ಪಕ್ಕದಲ್ಲಿ ಬಂದು ನಿಂತರು. ಅಂದು "ವೈರ್ ಮೇಡಂ" ಎನ್ನಲಿಲ್ಲ.

"ನೀವು ಯಾಕೆ ಎಳೀತಾ ಇಲ್ಲ ಅಂತ ನನಗೆ ಗೊತ್ತು," ಎಂದರು. "ಎಳೀರಿ ಅಂತ ನಾನೂ ಹೇಳ್ಲಿಲ್ಲ. ದಿನಾ ಬೆಳಿಗ್ಗೆ, ಇವತ್ತೂ ಬೇಡಪ್ಪ ಅಂದ್ಕೊಂಡೇ ಮೆಟ್ಟಿಲು ಹತ್ತಿದೀನಿ."

ನಲ್ಲಿ ನಿಲ್ಲಿಸಿದೆ. ನನ್ನ ಎದೆಬಡಿತ ಅವರಿಗೂ ಕೇಳಿಸಿರಬೇಕು.

"ನನ್ನ ಜೊತೆ ಬರ್ತೀರಾ?"

ಎಷ್ಟೋ ಸಂಜೆ ಈ ಮಾತಿಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅಮ್ಮನ್ನ ಎತ್ತಿ ಕೂರಿಸೋರು ಯಾರು ಸರ್?"

"ನಿಮ್ಮನ್ನ ಬಿಟ್ರೆ ಮನೇಲಿ..."

"ನಮ್ಮನೇಲಿ ಎರಡನೇ ಮಿಷನ್ ಇಲ್ಲ ಸರ್."

"ಅವರನ್ನೂ ಕರ್ಕೊಂಡು..." ಎಂದು ಆರಂಭಿಸಿ, ತಾವೇ ನಿಲ್ಲಿಸಿದರು. ಮಗ್ಗುಲು ಬದಲಾಯಿಸಲು ನನ್ನ ಕೈ ಬೇಕಾದವಳನ್ನು ಸಮುದ್ರ ದಾಟಿಸುವುದು, ಅಲ್ಲಿಂದ ಇನ್ನೊಂದು ಊರು, ಮತ್ತೊಂದು ಊರು. ಅದು ಆಗದ ಮಾತೆಂದು ಇಬ್ಬರಿಗೂ ಗೊತ್ತಿತ್ತು. ತೊಳೆದಿಟ್ಟ ಲೋಟವೊಂದನ್ನು ತೆಗೆದುಕೊಂಡು, ಅದರಲ್ಲಿ ಏನೂ ಇಲ್ಲದಿದ್ದರೂ, ಎರಡೂ ಕೈಯಲ್ಲಿ ಹಿಡಿದು ನಿಂತರು.

ಮಾರನೇ ಬೆಳಿಗ್ಗೆ ಕೆಳಗೆ ಫೋನುಗಳು ಒಂದರ ಮೇಲೊಂದು ಬಡಿದುಕೊಳ್ಳುತ್ತಿದ್ದವು. ಕೆಲಸ ತುಂಬಿ ತುಳುಕುವ ಹೊತ್ತು. ಟೀ ಕೊಟ್ಟೆ. ಅವರು ತಲೆಯೆತ್ತಿದರು. ನನ್ನ ಕೈಯನ್ನು ನೋಡಲಿಲ್ಲ, ಮುಖವನ್ನೇ ನೋಡಿದರು.

"ಸಕ್ಕರೆ ಸರಿಯಾಗಿದೆ," ಎಂದರು. ಇನ್ನೂ ಕುಡಿದೇ ಇರಲಿಲ್ಲ.

ಹಿಂದಕ್ಕೆ ಹೋಗಿ, ಬಗ್ಗಿ, ಎಳೆದೆ.

ಮೊದಲನೆಯದರ ದೀಪಗಳು ಆರಿದವು. ಎರಡನೆಯದರ ಮೇಲೆ ಹಸಿರು ಚುಕ್ಕೆಯೊಂದು ಹತ್ತಿಕೊಂಡಿತು. ಕೆಳಗೆ ಪರೀಕ್ಷೆಯ ಪರದೆಯ ಮುಂದೆ ಕೂತಿದ್ದ ಬಿಲ್ಲಿಂಗ್ ಅಕ್ಕ ಹಾಗೇ ಟೈಪ್ ಮಾಡುತ್ತಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಯಾರಿಗೂ ಏನೂ ಗೊತ್ತಾಗಲಿಲ್ಲ.

"ಇದನ್ನೇ ತಗೊಳ್ಳೋಣ," ಎಂದರು ದೊಡ್ಡ ಮೇಡಂ. ಎಲ್ಲರೂ ಇಂಜಿನಿಯರರ ಕೈ ಕುಲುಕಿದರು. ಮೊದಲ ಸಲ ನೋಡಿದಾಗ ಕೆಂಪಾಗಿದ್ದ ಕಿವಿಯ ತುದಿ ಅಂದು ಬಿಳಿಚಿತ್ತು.

ಹೊರಡುವ ಮೊದಲು ಖಾಲಿ ಲೋಟವನ್ನು ತಾವೇ ತೊಳೆದು ತಂದು ನನ್ನ ಟ್ರೇಯಲ್ಲಿಟ್ಟರು. ಬೆರಳಿಗೆ ಬೆರಳು ತಾಗಿತು. ನಾಲ್ಕು ಬೆರಳಿನ ಜಾಗ ಮುಗಿದದ್ದು ಅಂದೇ, ಆಗಲೇ.

"ಬರ್ತೀನಿ," ಎಂದರು. ಬರುವುದಿಲ್ಲ ಎಂದು ಗೊತ್ತಿದ್ದವರು ಹೇಳುವ ಹಾಗೆ.

"ಹೋಗಿ ಬನ್ನಿ," ಎಂದೆ.

ಕಿತ್ತ ವೈರನ್ನು ನಾನೇ ಮತ್ತೆ ಚುಚ್ಚಿದೆ. ಬಿದ್ದ ಮಿಷನ್ ಎದ್ದಿತು. ಈಗ ಕೇಳಿಸಿಕೊಳ್ಳುತ್ತಾ ನಿಲ್ಲುವ ಸರದಿ ಅದರದು. ಅದರ ಹಿಂದೆ ಬೆಚ್ಚನೆ ಗಾಳಿ ಬರುತ್ತಿತ್ತು. ನಾನು ಅಲ್ಲಿ ನಿಲ್ಲಲಿಲ್ಲ.

ಸಂಜೆ ಅಮ್ಮನ ಬೆನ್ನಿನ ಹಿಂದೆ ಕೈ ಹಾಕಿದೆ.

"ಮತ್ತೆ ತಣ್ಣಗಾಗಿದೆಯಲ್ಲೇ ಕೈ," ಎಂದಳು.

"ಹೂಂ ಅಮ್ಮ," ಎಂದೆ. ಕೈ ಉಜ್ಜಿಕೊಂಡು, ಎತ್ತಿ ಕೂರಿಸಿದೆ.