ಏಳು ಸೀಟಿನ ಗಾಡಿ

"ಮನೇಲಿ ಎಷ್ಟು ಜನ ಮೇಡಂ?"

ಹೆಬ್ಬಾಳದ ಕಾರ್ ಶೋರೂಮಿನಲ್ಲಿ ಸೇಲ್ಸ್‌ಮನ್ ಯೋಗಾನಂದ ಕೇಳಿದ ಮೊದಲ ಪ್ರಶ್ನೆಯೇ ಇದು. ಭಾಗ್ಯಶ್ರೀ ಕೈಚೀಲವನ್ನು ಎದೆಗವಚಿಕೊಂಡಳು!

ಗಿರಾಕಿಗೆ ಯಾವ ಗಾಡಿ ಹೊಂದುತ್ತದೆಂದು ತಿಳಿಯಲು ಅವನು ಎಲ್ಲರನ್ನೂ ಕೇಳುವ ಮಾತದು. ಆದರೆ ಗದಗಿನಲ್ಲಿ ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ 'ನಾನೊಬ್ಬಳೇ' ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

"ಏಳು ಮಂದಿರಿ!" ಅಂದುಬಿಟ್ಟಳು.

"ಹಾಗಾದ್ರೆ ಸಣ್ಣ ಕಾರು ಸಾಲಲ್ಲ. ಏಳು ಸೀಟಿಂದು ತೋರಿಸ್ತೀನಿ ಬನ್ನಿ."

ಸುಳ್ಳು ಒಂಟಿಯಾಗಿ ಬರುತ್ತದೆಯೇ? ಹಿಂದೆಯೇ ಕಾಕಾ ಬಂದರು, ಚಿಗವ್ವ ಬಂದಳು, ಅವರ ನಾಲ್ಕು ಮಕ್ಕಳೂ ಬಂದರು! ಯಲಹಂಕದ ಕಾಲೇಜಿನಲ್ಲಿ ಪಾಠ ಮುಗಿಸಿ ಮೂರು ಶನಿವಾರ ಅವಳು ಶೋರೂಮಿಗೆ ಹೋದಳು. ಇಲ್ಲದ ಮನೆಮಂದಿಯ ಕಥೆಯನ್ನು ಅವನು ಚಹಾ ತರಿಸಿ ಕೇಳುತ್ತಿದ್ದ. ಅಷ್ಟು ಮಾತು ಅವಳು ವರ್ಷದಿಂದ ಯಾರೊಡನೆಯೂ ಆಡಿರಲಿಲ್ಲ...

"ಭಾನುವಾರ ಗಾಡೀನ ನಿಮ್ ಮನೆಗೇ ತರ್ತೀನಿ. ಎಲ್ಲರೂ ಕೂತು ನೋಡ್ಲಿ," ಅಂದ.

ಬೇಡ ಎನ್ನಬೇಕಿತ್ತು. ಅವನು ಬರಲಿ ಎಂದಿತು ಹಾಳು ಮನಸ್ಸು.

ವಿದ್ಯಾರಣ್ಯಪುರದ ಅವಳ ಇಕ್ಕಟ್ಟಾದ ಓಣಿಯಲ್ಲಿ ಆ ಗಾಡಿ ತಿರುಗಿಸುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ತೊಯ್ದಿತ್ತು. ಎದುರುಮನೆ ರಾಮಲಕ್ಷ್ಮಮ್ಮನ ತುಳಸಿಕಟ್ಟೆ ಕೂದಲೆಳೆಯಲ್ಲಿ ಉಳಿಯಿತು.

ಬಾಗಿಲ ಬಳಿ ಒಂದೇ ಜೊತೆ ಚಪ್ಪಲಿ.

"ಎಲ್ಲಾರೂ ಲಗ್ನಕ್ಕ ಹೋಗ್ಯಾರ್ರಿ..."

ಅವನು ಚಪ್ಪಲಿ ನೋಡಿದ, ಅವಳನ್ನು ನೋಡಿದ. "ನಿಮ್ಗೆ ದೊಡ್ಡದು ಬೇಡ ಮೇಡಂ. ಸಣ್ಣ ಕಾರೇ ಸಾಕು."

ಅವಳ ಮೈಯೆಲ್ಲ ಉರಿಯಿತು. 'ಗೊತ್ತಾಯಿತು! ಕನಿಕರ ಪಡುತ್ತಿದ್ದಾನೆ!'

"ಒಬ್ಬಾಕೀಗೆ ಎದಕ ಇಷ್ಟು ದೊಡ್ಡ ಗಾಡಿ ಅಂತೀರೇನ್ರಿ? ನಡೀರಿ ಇಲ್ಲಿಂದ!"

ವಾರವಿಡೀ ಅವನ ಫೋನ್ ಎತ್ತಲಿಲ್ಲ. ಶನಿವಾರ ಸಂಜೆ ಹೆಬ್ಬಾಳದ ಶೋರೂಮು ದಾಟುವಾಗ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ಮನೆಗೆ ಬಂದು ಒಂದೇ ರೊಟ್ಟಿ ಬಡಿದು, ಅದನ್ನೂ ತಿನ್ನದೆ ಅತ್ತಳು.

ಭಾನುವಾರ ಓಣಿಯಲ್ಲಿ ಹಾರ್ನ್! ಹಿಂದೆ ಹೂಗಿಡ ತುಂಬಿದ ಹಳೆಯ ಗೂಡ್ಸ್ ಗಾಡಿ. ಇಳಿದವನು ಯೋಗಾನಂದ.

"ನಾನ್ ಓಣಿ ನೋಡಿ ಹೇಳಿದ್ದು ಕಣ್ರೀ, ನಿಮ್ಮನ್ನ ನೋಡಿ ಅಲ್ಲ! ದಿನಾ ಆ ಗಾಡೀನ ಇಲ್ಲಿ ಹೇಗೆ ತಿರುಗಿಸ್ತೀರ? ಮಾರಿದ್ರೆ ನನ್ಗೆ ಲಾಭ. ಆದ್ರೆ ನಿಮ್ಗೆ ತಪ್ಪು ಗಾಡಿ ಕೊಡೋಕೆ ಮನಸ್ಸಾಗ್ಲಿಲ್ಲ."

ಅವಳ ಕಣ್ಣು ತುಂಬಿತು. "ನಾನು ಸುಳ್ಳು ಹೇಳೀನ್ರಿ... ನನಗ ಯಾರೂ ಇಲ್ಲ."

"ಚಪ್ಪಲಿ ನೋಡ್ದಾಗ್ಲೇ ಗೊತ್ತಾಯ್ತು. ಅವತ್ತೇ ಒಂದು ಮಾತು ಕೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ." ಅವನು ಗೂಡ್ಸ್ ಗಾಡಿಯತ್ತ ಕೈ ತೋರಿದ. "ಅಲ್ಲಾಳಸಂದ್ರದಲ್ಲಿ ಅಪ್ಪನ ನರ್ಸರಿ, ಇದು ಅವರ ಗಾಡಿ. ಅಮ್ಮ ನಿಮ್ಮನ್ನ ಊಟಕ್ಕೆ ಕರ್ಕೊಂಡ್ ಬಾ ಅಂದಿದಾರೆ. ಬರ್ತೀರಾ?"

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಿಮ್ಮ ಮನ್ಯಾಗ ಎಷ್ಟು ಮಂದಿರಿ?"

"ಐದು. ನೀವ್ ಬಂದ್ರೆ ಆರು..." ಅವನು ತಲೆ ತಗ್ಗಿಸಿದ. "ಆಮೇಲೆ ಬೇಕಾದ್ರೆ ಏಳು ಸೀಟಿಂದೇ ತಗೊಳ್ಳೋಣ."

ಭಾಗ್ಯಶ್ರೀ ನಾಚಿ, ಬಾಗಿಲಿಗೆ ಬೀಗ ಹಾಕಿ ಬಂದು ಅವನ ಪಕ್ಕ ಕುಳಿತಳು.

"ಸದ್ಯಕ್ಕ ಈ ಎರಡು ಸೀಟು ಸಾಕ್ರಿ. ನಡೀರಿ, ಅವ್ವಾರು ಕಾಯ್ತಿರ್ತಾರ."