ಕೆಂಪು ಬಾವುಟದ ಈಚೆ

"ಕುತ್ತಿಗೆ ಬಿಡ್ರೀ! ಬಿಡಿ ಅಂದ್ನಲ್ಲ... ಇಬ್ಬರೂ ಮುಳುಗ್ತೀವಿ!"

ಅವಳ ಕೂಗು ಅವನ ಕಿವಿಗೆ ಬಿತ್ತೋ ಇಲ್ಲವೋ. ಉಪ್ಪುನೀರು ಕುಡಿದು ಕಣ್ಣು ಮೇಲಾಗಿದ್ದ ಆ ಮನುಷ್ಯ ಅವಳನ್ನು ಉಡದ ಹಾಗೆ ಹಿಡಿದುಕೊಂಡಿದ್ದ.

ಅವಳು ಒಮ್ಮೆ ನೀರೊಳಗೆ ಜಾರಿ ಅವನ ಹಿಡಿತ ಬಿಡಿಸಿಕೊಂಡಳು. ಹಿಂದಿನಿಂದ ಬಂದು ತೇಲುವ ಟ್ಯೂಬನ್ನು ಅವನ ಎದೆಗೆ ಒತ್ತಿದಳು. ನೇರವಾಗಿ ದಡಕ್ಕೆ ಈಜದೆ ಪಕ್ಕಕ್ಕೆ ಎಳೆದುಕೊಂಡು ಹೋಗಿ, ಅಲೆಗಳು ಒಡೆಯುವ ಕಡೆಯಿಂದ ಮರಳಿಗೆ ತಂದು ಹಾಕಿದಳು.

ಅವನು ಕೆಮ್ಮಿದ. ವಾಂತಿ ಮಾಡಿಕೊಂಡ. ಆಮೇಲೆ ಮುಖದ ಮೇಲೆ ಕೈಯಾಡಿಸಿ, "ನನ್ನ ಕನ್ನಡಕ..." ಅಂದ.

"ಜೀವ ಸಿಕ್ತಲ್ಲ, ಅದನ್ನ ನೋಡ್ಕೊಳ್ಳಿ! ಕೆಂಪು ಬಾವುಟ ಕಾಣ್ಲಿಲ್ವಾ ನಿಮಗೆ?"

"ಕಾಣ್ತು. ಆದ್ರೆ ಅಲ್ಲಿ ಅಲೆನೇ ಇರ್ಲಿಲ್ಲ. ಕೊಳದ ಥರ ಇತ್ತು... ಅದಕ್ಕೇ ಇಳಿದೆ."

"ಅಲೆ ಇಲ್ಲದ ಜಾಗನೇ ನೀರು ಸಮುದ್ರಕ್ಕೆ ವಾಪಸ್ ಓಡೋ ದಾರಿ. ನಿಂತವರನ್ನ ಜೊತೇಲೇ ಕರ್ಕೊಂಡು ಹೋಗುತ್ತೆ. ಗೊತ್ತಿಲ್ದೇ ಇದ್ರೆ ಕೇಳ್ಬೇಕು ತಾನೇ? ಏನ್ ಕೆಲಸ ಮಾಡ್ತೀರಿ ನೀವು?"

ಅವನು ತಲೆ ತಗ್ಗಿಸಿದ.

"ಈ ದ್ವೀಪಕ್ಕೆ ಬರೋ ಪ್ರವಾಸಿಗರಿಗೆ... ಸುರಕ್ಷತೆಯ ಕೈಪಿಡಿ ಬರೆಯೋಕೆ ಬಂದಿದ್ದೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಮರಳಿನ ಮೇಲೆ ಕುಳಿತೇ ಬಿಟ್ಟಳು!

ಆ ದ್ವೀಪದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು 'ಸೀಟಿ' ಎಂದೇ. ಏಳು ವರ್ಷದಿಂದ ಲೈಫ್‌ಗಾರ್ಡ್. ಕುತ್ತಿಗೆಯಲ್ಲಿ ಸದಾ ಸೀಟಿ, ಮೂಗಿನ ಮೇಲೆ ಬಿಸಿಲಿಗೆ ಸುಲಿದ ಸಿಪ್ಪೆ. ಅಮ್ಮ ಅದೇ ಕಡಲತೀರದಲ್ಲಿ ಕೊಡೆ, ಕುರ್ಚಿ ಬಾಡಿಗೆಗೆ ಕೊಡುತ್ತಿದ್ದಳು.

ಮರುದಿನ ಅವನು ಹೊಸ ಕನ್ನಡಕ, ಹೊಸ ನೋಟ್‌ಬುಕ್ ಹಿಡಿದು ಅವಳ ಕಾವಲು ಗೋಪುರದ ಕೆಳಗೆ ನಿಂತಿದ್ದ.

"ನಿನ್ನೆ ಕೇಳ್ಲಿಲ್ಲ. ಇವತ್ತು ಕೇಳ್ತೀನಿ. ಹೇಳ್ಕೊಡ್ತೀರಾ?"

ಇಪ್ಪತ್ತು ದಿನ ಅವನು ಅವಳ ನೆರಳಿನಂತೆ ಓಡಾಡಿದ. ಬಂಡೆಗಂಟಿದ ಮುಳ್ಳುಚೆಂಡಿನಂಥ ಸಮುದ್ರಜೀವಿಯನ್ನು ತುಳಿದವರ ಪಾದವನ್ನು ಎಷ್ಟು ಬಿಸಿ ನೀರಲ್ಲಿ ಇಡಬೇಕು, ಮೋಡ ಕವಿದ ದಿನವೂ ಬೆನ್ನು ಹೇಗೆ ಸುಡುತ್ತದೆ... ಎಲ್ಲ ಬರೆದುಕೊಂಡ.

"ತೆಂಗಿನಮರದ ಕೆಳಗೆ ಮಲಗಬೇಡಿ ಅಂತ ಬರಿ," ಅನ್ನುತ್ತಿದ್ದಳು ಅಮ್ಮ. "ಬೂಟಿನೊಳಗೆ ಏಡಿ ಇದ್ಯಾ ನೋಡ್ಕೊಂಡು ಕಾಲು ಹಾಕಿ ಅಂತ ಬರಿ. ಆಟೋದವನು ದೋಣಿ ತಪ್ಪಿಹೋಗುತ್ತೆ ಅಂತ ಹೆದರಿಸಿದ್ರೆ ನಂಬಬೇಡಿ ಅಂತಾನೂ ಬರಿ."

"ಕೊಡೆ ಬಾಡಿಗೆಗೆ ಚೌಕಾಸಿ ಮಾಡಬೇಡಿ ಅಂತ ಬರೀಲಾ ಅಮ್ಮಾ?"

"ಅದನ್ನ ದಪ್ಪ ಅಕ್ಷರದಲ್ಲಿ ಬರಿ!"

ಅಮ್ಮ ಇಷ್ಟು ಸಲೀಸಾಗಿ ಯಾರನ್ನೂ ಹಚ್ಚಿಕೊಂಡವಳಲ್ಲ. ಮಗಳೂ ಅಷ್ಟೇ. ಆದರೆ ಅವನು ಕೈಪಿಡಿ ಅಚ್ಚು ಹಾಕಿಸಲು ಆಚೆ ದಡದ ಊರಿಗೆ ಹೊರಟ ದಿನ, ದೋಣಿ ಚುಕ್ಕೆಯಾಗುವವರೆಗೂ ಅವಳು ಜೆಟ್ಟಿಯ ಮೇಲೆ ನಿಂತಿದ್ದಳು.

'ಯಾಕೆ ನಿಂತಿದ್ದೀನಿ ನಾನು? ಡ್ಯೂಟಿ ಅಲ್ವಲ್ಲ ಇದು...'

ಅವನು ದಿನಾ ಸಂಜೆ ಫೋನ್ ಮಾಡುತ್ತಿದ್ದ. ಎರಡು ತಿಂಗಳ ನಂತರ ಒಂದು ದಿನ, "ಪುಸ್ತಕ ಅಚ್ಚಾಯ್ತು! ನಾಡಿದ್ದು ಅಲ್ಲಿಗೆ ತಲುಪುತ್ತೆ. ಇಲ್ಲಿ ಕೆಲಸ ಮುಗಿಸಿ ಮುಂದಿನ ವಾರ ನಾನೂ ಬರ್ತೀನಿ," ಅಂದ. ಅವಳು ಕ್ಯಾಲೆಂಡರಿನಲ್ಲಿ ಗುರುತು ಹಾಕಲಿಲ್ಲ, ಆದರೆ ಒಂದೊಂದೇ ದಿನ ಎಣಿಸಿದಳು.

ನಾಲ್ಕನೇ ದಿನ ಮಧ್ಯಾಹ್ನ...

"ಅಯ್ಯೋ! ನನ್ನ ಮಗಳು! ಯಾರಾದ್ರೂ ಹಿಡೀರಿ!"

ಕೆಂಪು ಬಾವುಟದ ಆಚೆ, ಅದೇ ಶಾಂತ ನೀರಿನಲ್ಲಿ, ಆರು ವರ್ಷದ ಹುಡುಗಿಯೊಬ್ಬಳ ಹಳದಿ ಟೋಪಿ ದೂರ ಸರಿಯುತ್ತಿತ್ತು. ತಾನು ಗೋಪುರದಿಂದ ಹಾರಿದ್ದೊಂದೇ ಅವಳಿಗೆ ಗೊತ್ತು. ಮಗುವನ್ನು ಮರಳಿಗೆ ತಂದು, ಅದು ಜೋರಾಗಿ ಅತ್ತ ಮೇಲಷ್ಟೇ ತಾಯಿಯ ಕಡೆ ತಿರುಗಿದಳು.

"ಬಾವುಟ ದಾಟಿ ಯಾಕೆ ಬಿಟ್ರಿ ಅಮ್ಮಾ?"

ತಾಯಿ ಅಳುತ್ತಲೇ ಚೀಲದಿಂದ ಪುಸ್ತಕ ತೆಗೆದು ಚಾಚಿದಳು. "ಮಕ್ಕಳಿಗೆ ಇದೇ ಒಳ್ಳೇ ಜಾಗ ಅಂತ ಇದರಲ್ಲೇ ಇದೆಯಲ್ಲ... ಬಾವುಟ ಬೇರೆ ಯಾತಕ್ಕೋ ಅಂದ್ಕೊಂಡೆ."

ಹನ್ನೊಂದನೇ ಪುಟ. 'ಕಡಲತೀರದ ದಕ್ಷಿಣ ತುದಿಯ ಶಾಂತ ನೀರು ಪುಟ್ಟ ಮಕ್ಕಳ ಆಟಕ್ಕೆ ಹೇಳಿ ಮಾಡಿಸಿದಂತಿದೆ.' ಮುಖಪುಟದ ಮೇಲೆ ಅವನ ಹೆಸರು.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. 'ಅಲ್ಲೇ ಸಾಯ್ತಿದ್ದೋನು ನೀನು... ಅಲ್ಲಿಗೇ ಮಕ್ಕಳನ್ನ ಕಳಿಸಿದ್ಯಲ್ಲ!'

ಒದ್ದೆ ಬಟ್ಟೆಯಲ್ಲೇ, ಪುಸ್ತಕ ಹಂಚುತ್ತಿದ್ದ ಪ್ರವಾಸೋದ್ಯಮ ಕಚೇರಿಗೆ ನಡೆದಳು. ಅಧಿಕಾರಿಯ ಮೇಜಿನ ಮುಂದೆ ನೆಲವೆಲ್ಲ ನೀರಾಯಿತು.

"ಈ ಪುಸ್ತಕ ಹಂಚೋದು ನಿಲ್ಲಿಸಿ ಸಾರ್. ಇವತ್ತೇ."

"ಬರೆದವರೇ ಒಪ್ಪಿ ಸಹಿ ಹಾಕಿದಾರಮ್ಮ. ನಾಳೆ ನೋಡೋಣ."

ಹೊರಗೆ ಬಂದು ಅವನಿಗೊಂದು ಸಂದೇಶ ಕಳಿಸಿದಳು. 'ನಿಮ್ಮ ಪುಸ್ತಕ ನಂಬಿ ಇವತ್ತು ಒಂದು ಮಗು ಮುಳುಗ್ತಿತ್ತು. ಇನ್ಮೇಲೆ ನನಗೆ ಫೋನ್ ಮಾಡಬೇಡಿ.' ಫೋನ್ ಆಫ್ ಮಾಡಿಟ್ಟಳು.

ಬೆಳಿಗ್ಗೆ ಜೊತೆಗಾರನಿಗೆ ಗೋಪುರ ಒಪ್ಪಿಸಿ, ಕಚೇರಿ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದಳು.

"ಮತ್ತೆ ಬಂದ್ಯಾ?" ಅಧಿಕಾರಿ ಮುಖ ಸಿಂಡರಿಸಿದರು. "ನೋಡಮ್ಮ, ಇಲ್ಲಿ ಇಳೀಬೇಡಿ, ಅಲ್ಲಿ ಇಳೀಬೇಡಿ ಅಂತ ಬರೆದ್ರೆ ಜನ ಬರೋದೇ ನಿಲ್ಲುತ್ತೆ."

"ಜನ ಸತ್ರೂ ಬರೋದು ನಿಲ್ಲುತ್ತೆ ಸಾರ್. ಹಿಂದಕ್ಕೆ ತರಿಸ್ತೀವಿ ಅಂತ ಬರೆದು ಸಹಿ ಹಾಕಿ. ಹಾಕೋವರೆಗೂ ನಾನಿಲ್ಲಿಂದ ಕದಲಲ್ಲ."

"ಕೆಲಸ ಹೋಗುತ್ತೆ, ನೆನಪಿರಲಿ!"

"ಹೋಗ್ಲಿ. ಸಂಬಳ ಇಲ್ದೇ ಇದ್ರೂ ಆ ದಡದಲ್ಲಿ ನಿಂತು ಕೂಗ್ತೀನಿ."

ಗಂಟೆ ಒಂಬತ್ತೂವರೆ ಆಯಿತು. ಅವಳು ಕದಲಲಿಲ್ಲ. ಆಗ ಹಿಂದೆ ಏದುಸಿರಿನ ಸದ್ದು.

ಅವನು! ಮೊದಲ ದೋಣಿಯಲ್ಲೇ ಬಂದಿದ್ದ. ಕೆದರಿದ ತಲೆ, ನಿದ್ದೆಗೆಟ್ಟ ಕಣ್ಣು, ಕಂಕುಳಲ್ಲಿ ಒಂದು ಫೈಲು. ಅವಳು ಮುಖ ತಿರುಗಿಸಿದಳು.

ಅವನು ಕೈಬರಹದ ಹಾಳೆಯನ್ನು ಅಧಿಕಾರಿಯ ಮುಂದಿಟ್ಟ. "ನಾನು ಬರೆದಿದ್ದು ಇದು. 'ಅಲೆ ಇಲ್ಲದ ನೀರಿಗೆ ಇಳಿಯಲೇಬೇಡಿ.' ಜನ ಹೆದರ್ತಾರೆ ಅಂತ ನಿಮ್ಮ ಕಚೇರಿ ತಿದ್ದಿದೆ. ಆದ್ರೆ ಕೊನೇ ಪ್ರತಿ ಓದದೇ ಸಹಿ ಹಾಕಿದೋನು ನಾನು. ತಪ್ಪು ನಂದೂ ಹೌದು ಸಾರ್. ಸಾವಿರ ಪ್ರತೀನೂ ನಾನೇ ತಿದ್ತೀನಿ. ನೀವು ಎಲ್ಲ ಪುಸ್ತಕ ಹಿಂದಕ್ಕೆ ತರಿಸೋದಕ್ಕೆ ಸಹಿ ಹಾಕಿ. ಇಲ್ಲಾಂದ್ರೆ ನನ್ನ ಈ ಹಾಳೆ, ಅಚ್ಚಾದ ಹನ್ನೊಂದನೇ ಪುಟ, ಎರಡೂ ಇವತ್ತೇ ಪತ್ರಿಕೆಗೆ ಹೋಗುತ್ತೆ."

ಅಧಿಕಾರಿ ಹಾಳೆ ನೋಡಿದರು, ಅವಳನ್ನು ನೋಡಿದರು. ಕೊನೆಗೆ ಪೆನ್ನು ತೆಗೆದರು.

ಸಹಿಯಾದ ಕಾಗದ ಹಿಡಿದು ಅವಳು ಅವನ ಕಡೆ ತಿರುಗಿಯೂ ನೋಡದೆ ಹೊರಟುಬಿಟ್ಟಳು. 'ಮೋಸ ಮಾಡ್ಲಿಲ್ಲ, ಸರಿ. ಆದ್ರೆ ಓದ್ಲೂ ಇಲ್ವಲ್ಲ! ಅಷ್ಟು ಅಸಡ್ಡೆನಾ?'

ಅವನು ಹಿಂಬಾಲಿಸಲಿಲ್ಲ. ಸೈಕಲ್ ಒಂದನ್ನು ಹಿಡಿದು ಲಾಡ್ಜ್‌ಗಳ ಕೋಣೆ ಕೋಣೆಗೂ ಹೋಗಿ ಪುಸ್ತಕ ವಾಪಸ್ ತಂದ. ಆಗಲೇ ಆಚೆ ದಡಕ್ಕೆ ಹೋಗಿದ್ದ ಕೆಲವನ್ನು ಹುಡುಕಿಕೊಂಡು ಎರಡು ಸಲ ದೋಣಿ ಹತ್ತಿದ. ಉಳಿದ ಹೊತ್ತೆಲ್ಲ ಅಮ್ಮನ ಕೊಡೆಗಳ ಶೆಡ್ಡಿನಲ್ಲಿ ಕುಳಿತು ಹನ್ನೊಂದನೇ ಪುಟದ ಮೇಲೆ ಹೊಸ ಹಾಳೆ ಅಂಟಿಸಿದ.

ಆರನೇ ದಿನ ಅಮ್ಮ ಗೋಪುರದ ಕೆಳಗೆ ಬಂದು ನಿಂತಳು.

"ಅವನ ಬೆರಳೆಲ್ಲ ಗೋಂದು. ಊಟಾನೂ ನೆಟ್ಟಗೆ ಮಾಡ್ತಿಲ್ಲ. ಬೈಯೋದಿದ್ರೆ ಹೋಗಿ ಬೈದು ಬಾ. ಸುಮ್ಮನಿರೋದು ಬೈಗುಳಕ್ಕಿಂತ ಜಾಸ್ತಿ ಆಯ್ತು ಕಣೇ."

ಡ್ಯೂಟಿ ಮುಗಿದ ಮೇಲೆ ಅವಳು ಶೆಡ್ಡಿಗೆ ಹೋದಳು. ಅವನು ಎದ್ದು ನಿಲ್ಲಲು ಹೊರಟ.

"ಕೂತ್ಕೊಳ್ಳಿ. ಒಂದು ಪ್ರಶ್ನೆ. ಇಪ್ಪತ್ತು ದಿನ ಅಷ್ಟು ಶ್ರದ್ಧೆಯಿಂದ ಬರ್ಕೊಂಡೋರು... ಓದದೇ ಯಾಕೆ ಸಹಿ ಹಾಕಿದ್ರಿ?"

ಅವನು ಗೋಂದಿನ ಡಬ್ಬಿಯ ಮುಚ್ಚಳ ಹಾಕಿದ.

"ಹೇಳಿದ್ರೆ ನೆಪ ಅಂದ್ಕೋತೀರಿ."

"ಹೇಳಿ."

"ಕಚೇರಿಯಿಂದ ಕೊನೇ ಪ್ರತಿ ಸಹಿಗೆ ಬಂದಾಗ ನೀವು ಫೋನಲ್ಲಿದ್ರಿ. ಯಾರದೋ ಟೋಪಿ ಕಾಗೆ ಎತ್ಕೊಂಡು ಹೋದ ಕಥೆ ಹೇಳ್ತಾ ನಗ್ತಿದ್ರಿ... ನಿಲ್ಲಿಸಿ ಅನ್ನೋಕೆ ಮನಸ್ಸು ಬರ್ಲಿಲ್ಲ. ಒಂದು ಕಿವಿಗೆ ಫೋನ್ ಇಟ್ಕೊಂಡೇ ಸಹಿ ಹಾಕಿಬಿಟ್ಟೆ."

ಅವಳ ಕಣ್ಣು ತುಂಬಿ ಬಂತು. ಆ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು.

"ನಿಮ್ಮನ್ನ ಒಂದು ಮಾತೂ ಕೇಳದೇ ಫೋನ್ ಆಫ್ ಮಾಡಿದೆ ನಾನು," ಅಂದಳು ಮೆಲ್ಲಗೆ. "ಅದು ನನ್ನ ತಪ್ಪು."

"ಮಗು ಅಲ್ಲಿತ್ತು. ನೀವು ಬೇರೆ ಏನು ಮಾಡೋಕಾಗ್ತಿತ್ತು?"

ಅವಳು ನೆಲದ ಮೇಲೆ ಅವನ ಎದುರಿಗೆ ಕುಳಿತು ಒಂದು ಪುಸ್ತಕ ಎಳೆದುಕೊಂಡಳು. "ಇನ್ನೆಷ್ಟು ಉಳಿದಿದೆ?"

"ಅರವತ್ತು."

"ಮುಗಿದ ಮೇಲೆ... ಹೊರಡ್ತೀರಾ?"

"ಇಲ್ಲ. ದೋಣಿಯಿಂದ ಇಳಿಯೋರಿಗೆಲ್ಲ ಎಚ್ಚರಿಕೆ ಹೇಳೋ ಕೆಲಸ ಕೊಡಿ ಅಂತ ಕಚೇರಿಲಿ ಅರ್ಜಿ ಹಾಕಿದ್ದೀನಿ."

"ಕೊಡದೇ ಇದ್ರೆ?"

"ನಿಮ್ಮಮ್ಮನ ಕೊಡೆ ಹೊರ್ತೀನಿ."

"ಅಮ್ಮ ಬರೀ ಊಟ ಹಾಕ್ತಾಳೆ, ಸಂಬಳ ಕೊಡಲ್ಲ."

"ಸಾಕು. ನಿಮ್ಮನ್ನ ದಿನಾ ನೋಡ್ತಾ ಇರೋಕೆ ಅಷ್ಟು ಸಾಕು..." ಅವನು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟ. "ನಿಮ್ಮನ್ನ ತುಂಬಾ ಪ್ರೀತಿಸ್ತೀನಿ. ನನ್ನ ಮದುವೆ ಆಗ್ತೀರಾ?"

ಅವಳು ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ನೀವಿ ಒತ್ತಿದಳು. ಮುಖ ಎತ್ತಲಿಲ್ಲ.

"ಹಾಗೆ ಕೇಳಿದ್ರೆ ಉತ್ತರ ಇಲ್ಲ."

"ಮತ್ತೆ ಹೇಗೆ ಕೇಳ್ಬೇಕು?"

"ಆಗ್ತೀಯಾ ಅಂತ ಕೇಳು."

"...ಆಗ್ತೀಯಾ?"

"ಹೂಂ," ಅಂದಳು ಅವಳು, ಗೋಂದಿನ ಡಬ್ಬಿಯನ್ನು ಇಬ್ಬರ ಮಧ್ಯಕ್ಕೆ ಸರಿಸುತ್ತ. "ಆದ್ರೆ ನಾಳೆ ಮೊದಲ ದೋಣಿ ಬರೋದ್ರೊಳಗೆ ಈ ಅರವತ್ತೂ ಮುಗೀಬೇಕು. ಮೂವತ್ತು ನಿಂದು, ಮೂವತ್ತು ನಂದು."